ಲೋಳೆಸರಕ್ಕೂ ನೆರಳು ಬೇಕು

ಸುಟ್ಟ ಚರ್ಮಕ್ಕೆ ಹಚ್ಚಲೆಂದು ಗುಜರಾತಿನ ಕನ್ನಡಿಗರು ಕುಂಡದಲ್ಲಿ ಬೆಳೆಸುವ ಲೋಳೆಸರವು, ಅಂದರೆ ಇಲ್ಲಿಯವರ ಕುಂವಾರಪಾಠು, ಬೇಸಗೆಯಲ್ಲಿ ತಾನೇ ಸುಟ್ಟುಹೋಗುವುದುಂಟು. ಅದಕ್ಕೆ ಬಿಸಿಲಿನ ಭಯವಿಲ್ಲವೆಂಬ ನಂಬಿಕೆ ಪೂರ್ತಿ ಸರಿಯಲ್ಲ. 2016ರ ಮೇ 20ರಂದು ಅಹಮದಾಬಾದಿನಲ್ಲಿ ಉಷ್ಣತೆಯು 48 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಈ ಸಸ್ಯವು ನೀರನ್ನು ಉಳಿಸಲೆಂದು ಎಲೆಯ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುತ್ತದೆ. ಆದ್ದರಿಂದ ಇತರ ಗಿಡಗಳಂತೆ ನಡುಹಗಲಿನಲ್ಲಿ ನೀರಾವಿಯನ್ನು ಹೊರಬಿಟ್ಟು ತಂಪಾಗಲಾರದು. ಎಲೆ ಕೆಂಪಾದರೆ ಗಾಬರಿ ಬೇಡ, ನೆರಳಿನಲ್ಲಿಟ್ಟರೆ ಹಸಿರು ಮರಳುತ್ತದೆ. ಬಿಳಿಚಿ ಒಣಗಿದ ಕಲೆ ಮಾತ್ರ ಮಾಯುವುದಿಲ್ಲ. ಪಶ್ಚಿಮದ ಬಾಲ್ಕನಿಯಲ್ಲಿರುವ ಕುಂಡವನ್ನು ಪೂರ್ವಕ್ಕೆ ಸರಿಸಬೇಕು, ಇಲ್ಲವೇ ಅರ್ಧ ಬಿಸಿಲನ್ನು ತಡೆಯುವ ಹಸಿರು ಬಲೆ ಕಟ್ಟಬೇಕು. ಸಮುದ್ರಕ್ಕೆ ಸಮೀಪವಿರುವ ಸೂರತ್ತಿನಲ್ಲಿ ಧಗೆ ತುಸು ಕಡಿಮೆ. ವಡೋದರದವರಿಗೆ ಆ ಭಾಗ್ಯವಿಲ್ಲ. ಮಣ್ಣು ಒಣಗಿದ ಬಳಿಕ ಸಂಜೆ ನೀರು ಹಾಕತಕ್ಕದ್ದು. ಮಳೆಗಾಲ ಕಳೆದ ಮೇಲೆ ಕುಂಡವನ್ನು ಒಮ್ಮೆಗೇ ಬಿಸಿಲಿಗಿಡದೆ, ದಿನಕ್ಕೆ ಒಂದೆರಡು ಗಂಟೆಯಂತೆ ಒಗ್ಗಿಸಬೇಕು.