ಡೈನೊ ಮೇಲೆ ಬಿಸಿ ಏರಿ ಬಲ ಇಳಿದಾಗ

ಕಾರಿನ ಬಲ ಅಳೆಯುವ ಡೈನೊ ಯಂತ್ರದ ಮೇಲೆ ಮೂರನೇ ಓಟಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಾಗಿ, ಅಶ್ವಶಕ್ತಿ ಇಳಿಯಿತೆಂದು ಬರೆದಿದ್ದೀರಿ. ಎಂಜಿನ್ ಕೆಟ್ಟಿತೆಂದು ಈಗಲೇ ತೀರ್ಮಾನಿಸಬೇಡಿ. ಪೆಟ್ರೋಲ್ ಉರಿದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಹೊಗೆಯೊಂದಿಗೇ ಹೊರಹೋಗುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಆ ಹೊಗೆ 800–900 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು.

ರಸ್ತೆಯಲ್ಲಾದರೆ ಎದುರುಗಾಳಿ ತಂಪು ಮಾಡುತ್ತದೆ. ಡೈನೊ ಮೇಲೆ ಕಾರು ನಿಂತಲ್ಲೇ ಓಡುವುದರಿಂದ ಬಾನೆಟ್ ಒಳಗೆ ಬಿಸಿ ಕಟ್ಟಿಕೊಳ್ಳುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ 10 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ, ಶಕ್ತಿಯೂ ಕುಗ್ಗುತ್ತದೆ.

ಮುಂದೆ ದೊಡ್ಡ ಫ್ಯಾನ್ ಇಡಿಸಿ. ಪ್ರತಿ ಓಟವನ್ನೂ ಒಂದೇ ತಾಪಮಾನದಿಂದ ಶುರುಮಾಡಿ. ಆಗಲೂ ಬಲ ಕಡಿಮೆ ಬಂದರೆ ಇಗ್ನಿಷನ್ ಟೈಮಿಂಗ್ ನೋಡಿಸಿ. ಕಿಡಿ ತಡವಾದರೆ ಬಲವಾಗಬೇಕಾದ ಶಾಖ ಹೊಗೆಯ ಪಾಲಾಗುತ್ತದೆ.