ಕೊಟ್ಟಿಗೆ, ನೀರಿನ ತೊಟ್ಟಿ ಮತ್ತು ವಿದ್ಯುತ್ ಅಪಾಯ

ಪಂಪುಸೆಟ್ಟು ಇರುವ ತೋಟಗಳಲ್ಲಿ ದನಗಳಿಗೆ ನೀರು ಕುಡಿಸುವ ತೊಟ್ಟಿ ಸಾಮಾನ್ಯವಾಗಿ ಪಂಪುಮನೆಯ ಪಕ್ಕದಲ್ಲೇ ಇರುತ್ತದೆ. ಕೊಳವೆ ಬಾವಿಯ ಕಬ್ಬಿಣದ ಪೈಪು ನೇರವಾಗಿ ತೊಟ್ಟಿಗೆ ಬಂದಿರುತ್ತದೆ. ಸುತ್ತಲೂ ಸದಾ ಕೆಸರು. ಮೋಟಾರಿನ ಸುರುಳಿಯಲ್ಲಿ ಅಥವಾ ಕೇಬಲಿನಲ್ಲಿ ಹೊದಿಕೆ ಹಾಳಾಗಿ ವಿದ್ಯುತ್ತು ಸೋರಿದರೆ ಅದು ಈ ಪೈಪಿನ ಮೂಲಕ ನೀರಿಗೆ ಬಾಯಿ ಹಾಕಿದ ದನವನ್ನು ತಲುಪುತ್ತದೆ.

ಮನುಷ್ಯನಿಗೆ ಜುಮ್ಮೆನ್ನಿಸಿ ಬಿಡುವ ಶಾಕು ಹಸುವಿನ ಪ್ರಾಣ ತೆಗೆಯಬಲ್ಲದು. ರೈತನ ಕಾಲಲ್ಲಿ ಚಪ್ಪಲಿಯಾದರೂ ಇರುತ್ತದೆ. ದನ ನಾಲ್ಕು ಕಾಲನ್ನೂ ಒದ್ದೆ ನೆಲದಲ್ಲಿ ಊರಿ ನಿಂತಿರುತ್ತದೆ. ಅದರ ಮುಂಗಾಲಿಗೂ ಹಿಂಗಾಲಿಗೂ ಸುಮಾರು ಒಂದೂವರೆ ಮೀಟರ್ ಅಂತರ. ನೆಲಕ್ಕೆ ವಿದ್ಯುತ್ತು ಇಳಿಯುತ್ತಿರುವ ಕಡೆ ಈ ಅಂತರದಲ್ಲಿ ವೋಲ್ಟೇಜಿನ ವ್ಯತ್ಯಾಸ ಉಂಟಾಗಿ, ಪ್ರವಾಹವು ಎದೆಯ ಭಾಗವನ್ನು ಹಾದು ಹೋಗುತ್ತದೆ.

ಫ್ಯೂಜ್ ಇದ್ದರೆ ಸಾಕೆಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. ಅರ್ಥಿಂಗ್ ಗುಂಡಿ ಒಣಗಿ ಅದರ ನಿರೋಧ 20 ಓಮ್ ಆಗಿದೆಯೆಂದು ಇಟ್ಟುಕೊಳ್ಳೋಣ. 230 ವೋಲ್ಟಿನ ಫೇಸ್ ತಂತಿ ಪೈಪಿಗೆ ತಗುಲಿದರೆ ಹರಿಯುವುದು 11.5 ಆಂಪಿಯರ್ ಮಾತ್ರ. 15 ಆಂಪಿಯರಿನ ಫ್ಯೂಜ್ ಕರಗುವುದೇ ಇಲ್ಲ, ಪೈಪಿನಲ್ಲಿ ವಿದ್ಯುತ್ತು ನಿಂತೇ ಇರುತ್ತದೆ. ಫ್ಯೂಜಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದ್ದರಂತೂ ಹೇಳುವುದೇ ಬೇಡ. ಆದ್ದರಿಂದ ಕೊಟ್ಟಿಗೆಯ ದೀಪ, ಮೇವು ಕತ್ತರಿಸುವ ಯಂತ್ರಗಳ ಲೈನಿಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಸರಬರಾಜು ಕಡಿಯುವ ಆರ್‌ಸಿಸಿಬಿ ಹಾಕಿಸಬೇಕು. ಎಂಸಿಬಿ ಬೇರೆ; ಅದು ಫ್ಯೂಜಿನ ಕೆಲಸವನ್ನಷ್ಟೇ ಮಾಡುತ್ತದೆ. ಆರ್‌ಸಿಸಿಬಿಯ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಒಳ್ಳೆಯದು.

ಅರ್ಥಿಂಗಿಗೆ 40 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ ಜಿ.ಐ. ಪೈಪನ್ನು ಇದ್ದಿಲು, ಉಪ್ಪುಗಳ ನಡುವೆ ಹೂಳಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕು. ಗುಂಡಿ ದನ ನಿಲ್ಲುವ ಜಾಗದಿಂದ ದೂರವಿರಲಿ. ಹೊಸ ತೊಟ್ಟಿಯನ್ನು ಪಂಪುಮನೆಯಿಂದ ಬೇರೆಡೆ ಕಟ್ಟಿ, ಅಲ್ಲಿಯವರೆಗೆ ಪಿ.ವಿ.ಸಿ. ಪೈಪು ಹಾಕುವುದು ಮೇಲು. ನೀರಿನ ಮೂಲಕವೂ ಸ್ವಲ್ಪ ವಿದ್ಯುತ್ತು ಹರಿಯಬಹುದು, ಆದರೆ ಕಬ್ಬಿಣದಲ್ಲಿ ಹರಿಯುವಷ್ಟಲ್ಲ.

ಎಲ್ಲಕ್ಕಿಂತ ಕೆಟ್ಟ ಅಭ್ಯಾಸವೆಂದರೆ ನ್ಯೂಟ್ರಲ್ ತಂತಿಯ ಬದಲು ಕೊಟ್ಟಿಗೆಯ ಬಳಿ ಕಬ್ಬಿಣದ ಸರಳು ಬಡಿದು ಬಲ್ಬು ಉರಿಸುವುದು. 100 ವಾಟ್ ಬಲ್ಬಿನ ಪ್ರವಾಹ ಸುಮಾರು 0.4 ಆಂಪಿಯರ್, ಸರಳಿನ ನಿರೋಧ 20 ಓಮ್ ಇದ್ದರೆ ಅದರ ಮೇಲೆ 8 ವೋಲ್ಟ್ ನಿಲ್ಲುತ್ತದೆ. ಕೆಲವೇ ವೋಲ್ಟನ್ನೂ ಹಸು ಗ್ರಹಿಸುತ್ತದೆ. ತೊಟ್ಟಿಯ ಬಳಿ ಬಂದು ಹಿಂಜರಿಯುವುದು, ನೀರನ್ನು ಹೀರದೆ ನೆಕ್ಕುವುದು, ಕಾಲು ಬದಲಿಸುತ್ತಲೇ ಇರುವುದು, ಹಾಲು ಇಳಿಸದಿರುವುದು ಇದರ ಲಕ್ಷಣಗಳು. ದೃಷ್ಟಿ ತೆಗೆಸಿ ಫಲವಿಲ್ಲ. ಮೇನ್ ಸ್ವಿಚ್ಚು ತೆಗೆದು ನೀರು ತೋರಿಸಿದರೆ ಕಾರಣ ತಿಳಿಯಬಹುದು. ಸರಳಿನ ತಂತಿ ಕಳಚಿದಾಗ ದೀಪ ಆರುತ್ತದೆ, ಆದರೆ ತಂತಿಯ ತುದಿಯಲ್ಲಿ 230 ವೋಲ್ಟೂ ಇರುತ್ತದೆ. ಅದನ್ನು ಸರಿಪಡಿಸಲು ಕೈ ಹಾಕಿದವನ ಗತಿ ಊಹಿಸಬಹುದು.

ದನ ಬಿದ್ದಾಗ ಮೊದಲು ಮೇನ್ ಸ್ವಿಚ್ಚು ತೆಗೆಯಬೇಕು. ಅದಕ್ಕೆ ಮುಂಚೆ ಹಗ್ಗ ಬಿಚ್ಚಲೂ ಹೋಗಬಾರದು. ಒದ್ದೆ ಹಗ್ಗದಲ್ಲೂ ವಿದ್ಯುತ್ತು ಹರಿಯುತ್ತದೆ. ಕಂಬದ ತಂತಿ ಹರಿದು ಬಿದ್ದಿದ್ದರೆ ದೂರ ನಿಂತು ಲೈನ್‌ಮನ್ನನ್ನು ಕರೆಸಬೇಕು. ದನ ಸತ್ತಿದ್ದರೆ ಅವಸರದಿಂದ ಹೂಳದೆ ವಿದ್ಯುತ್ ಶಾಖಾ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಪಶುವೈದ್ಯರಿಂದ ಶವಪರೀಕ್ಷೆ ಮಾಡಿಸಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 161ನೇ ಕಲಮಿನಲ್ಲಿ ಹೇಳಿರುವ ಅಪಘಾತಗಳಲ್ಲಿ ಪ್ರಾಣಿಗಳ ಸಾವೂ ಸೇರಿದೆ.