ಚಾರ್ಜ್‌ಶೀಟಿಗೆ ಸೇರದ ಕಾಗದಗಳು

ತನಿಖೆಯಲ್ಲಿ ಪೊಲೀಸರು ಕಲೆಹಾಕಿದ್ದೆಲ್ಲ ಚಾರ್ಜ್‌ಶೀಟಿಗೆ ಬರುವುದಿಲ್ಲ. ‘ನಾನೇನೂ ನೋಡಲಿಲ್ಲ’ ಎಂದವನ ಹೇಳಿಕೆ, ತಾಳೆಯಾಗದ ಬೆರಳಚ್ಚಿನ ವರದಿ, ಆರೋಪಿ ಬೇರೆಲ್ಲೋ ಇದ್ದನೆಂದು ತೋರಿಸುವ ಫೋನ್ ದಾಖಲೆ ಠಾಣೆಯ ಬೀರುವಿನಲ್ಲೇ ಉಳಿದಿರಬಹುದು. ಶಿಕ್ಷೆಯಾದ ಮೇಲೆ ಅದರ ಸುಳಿವು ಹತ್ತಿದ ಮನೆಯವರು ‘ಹೈಕೋರ್ಟಿನಲ್ಲಿ ಎಲ್ಲ ತರಿಸಿದರಾಯಿತು’ ಎಂದುಕೊಳ್ಳುತ್ತಾರೆ. ಇದಕ್ಕಿಂತ ದುಬಾರಿಯಾದ ನಂಬಿಕೆ ಇನ್ನೊಂದಿಲ್ಲ. ಆ ಕಾಗದ ಅಪೀಲಿನಲ್ಲಿ ಕೈಗೆ ಬರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಕೆಳಗಿನ ಕೋರ್ಟಿನ ಆರ್ಡರ್ ಶೀಟಿನಲ್ಲೇ ತೀರ್ಮಾನವಾಗಿರುತ್ತದೆ.

ಹಕ್ಕೇನೋ ಇದೆ. ತನಿಖಾಧಿಕಾರಿ ಅವಲಂಬಿಸದ ಹೇಳಿಕೆ, ದಾಖಲೆ, ಮುದ್ದೆಮಾಲುಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕೆಂಬ ಕರಡು ನಿಯಮವನ್ನು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಒಪ್ಪಿತು. 2022ರ ಮೇ ತಿಂಗಳಲ್ಲಿ, ಮನೋಜ್ ವಿರುದ್ಧ ಮಧ್ಯಪ್ರದೇಶ ಪ್ರಕರಣದಲ್ಲಿ, ಎಲ್ಲ ಕ್ರಿಮಿನಲ್ ವಿಚಾರಣೆಗಳಲ್ಲೂ ಇದನ್ನು ಪಾಲಿಸಬೇಕೆಂದಿತು. ರಾಜ್ಯ ಇನ್ನೂ ನಿಯಮ ಅಳವಡಿಸಿಕೊಂಡಿಲ್ಲ ಎಂಬ ನೆಪ ನಡೆಯದೆಂಬ ಮಾತು ಅದೇ ನವೆಂಬರ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಬಂತು. ಆದರೆ ಆ ಪ್ರಕರಣದಲ್ಲಿ ಕೇಳಿದವರ ಗತಿ ನೋಡಿ. ಅವರು ಮರಣದಂಡನೆಯಾಗಿ, ಹೈಕೋರ್ಟಿನ ಹಂತದಲ್ಲಿ ಕಾಗದ ಕೇಳಿದವರು. ಅವರ ಕೋರಿಕೆ ತಿರಸ್ಕೃತವಾಯಿತು. ಇದಕ್ಕೆ ಎದುರಾಗಿ 2012ರ ಶಶಿಕಲಾ ಪ್ರಕರಣವಿದೆ. ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತಿದ್ದಾಗಲೇ, ಗುರುತು ಹಾಕದ ದಾಖಲೆಗಳನ್ನು ನೋಡಲು ಅರ್ಜಿ ಹಾಕಲಾಗಿತ್ತು. ಆ ಕೋರ್ಟೂ ಕರ್ನಾಟಕ ಹೈಕೋರ್ಟೂ ಒಪ್ಪದಿದ್ದರೂ ಸುಪ್ರೀಂ ಕೋರ್ಟ್ ಪರಿಶೀಲನೆಗೆ ಅವಕಾಶ ಕೊಟ್ಟಿತು.

ಬಹುತೇಕರು ಕೈಸುಟ್ಟುಕೊಳ್ಳುವುದು ಒಂದು ಸಹಿಯಲ್ಲಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಂ ಪ್ರಕಾರ, ಆರೋಪಿ ಹಾಜರಾದ 14 ದಿನದೊಳಗೆ ಪ್ರತಿಗಳು ಸಿಗಬೇಕು. ಕಟ್ಟು ಕೈಗಿಟ್ಟು ‘ಎಲ್ಲ ಪ್ರತಿಗಳು ಮುಟ್ಟಿವೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಪುಟ ತಿರುವಲೂ ಬಿಡುವುದಿಲ್ಲ. ಜೆರಾಕ್ಸ್ ಮಸುಕಾಗಿದ್ದರೆ, ಸಿ.ಡಿ. ತೆರೆಯದಿದ್ದರೆ ಅದನ್ನು ಅಲ್ಲೇ ಬರೆದು ಸಹಿ ಮಾಡಿ. ಅವಲಂಬಿಸದ ದಾಖಲೆಗಳ ಪಟ್ಟಿಗೆ ಲಿಖಿತ ಅರ್ಜಿಯನ್ನೇ ಕೊಡಿ; ಬಾಯಿಮಾತಿಗೆ ಆರ್ಡರ್ ಶೀಟಿನಲ್ಲಿ ಜಾಗವಿಲ್ಲ. ‘ಅಂಥದ್ದೇನೂ ಇಲ್ಲ’ ಎಂದು ಸರ್ಕಾರಿ ವಕೀಲರು ನಕ್ಕು ಸುಮ್ಮನಾಗುತ್ತಾರೆ. ಆ ಮಾತನ್ನೇ ತಕರಾರಿನಲ್ಲಿ ಬರೆದುಕೊಡಲಿ. ಅರ್ಜಿ ವಜಾ ಆದರೂ ನಷ್ಟವಿಲ್ಲ, ಆ ಆದೇಶವೇ ಅಪೀಲಿನ ಒಂದು ಆಧಾರ.

ಇದೆಲ್ಲ ಕೇಸು ಎಳೆಯುವ ತಂತ್ರ ಎಂಬ ಆಕ್ಷೇಪವಿದೆ. ಮೊದಲು ಕೇಳುತ್ತಿರುವುದು ಪಟ್ಟಿ ಮಾತ್ರ. ತಾವೇ ಸಂಗ್ರಹಿಸಿದ್ದರ ಪಟ್ಟಿ ಬರೆಯಲು ಪೊಲೀಸರಿಗೆ ವರ್ಷ ಬೇಕಿಲ್ಲ. ನ್ಯಾಯಕ್ಕಿಂತ ವಿಧಾನ ದೊಡ್ಡದೇ ಎಂಬ ಇನ್ನೊಂದು ಪ್ರಶ್ನೆಯಲ್ಲಿ ಹುರುಳಿದೆ. 432ನೇ ಕಲಂ ಅಪೀಲಿನಲ್ಲೂ ಹೆಚ್ಚುವರಿ ಸಾಕ್ಷ್ಯಕ್ಕೆ ಬಾಗಿಲು ತೆರೆದಿಟ್ಟಿದೆ. ಆದರೆ ತಕ್ಕ ಎಚ್ಚರ ವಹಿಸಿದರೂ ಆಗ ಹಾಜರುಪಡಿಸಲಾಗಲಿಲ್ಲ, ಇಲ್ಲವೇ ವಿಷಯವೇ ಆಮೇಲೆ ಗೊತ್ತಾಯಿತು ಎಂದು ತೋರಿಸಬೇಕೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ಲೋಪವಿದ್ದರೂ, ಮೊದಲೇ ಏಕೆ ಆಕ್ಷೇಪಿಸಲಿಲ್ಲ ಎಂದು ಕೇಳುವುದು 511ನೇ ಕಲಂ. ಹಾಗಾಗಿ ‘ಎಲ್ಲ ದಾಖಲೆ ತರಿಸಿ’ ಎಂಬ ಅರ್ಜಿ ನಿಲ್ಲುವುದು ಕಷ್ಟ. ಇಂಥದ್ದೇ ಕಾಗದ, ಅದು ಇದೆಯೆಂಬುದಕ್ಕೆ ರಿಮ್ಯಾಂಡ್ ಅರ್ಜಿಯಲ್ಲೋ ಪಾಟೀಸವಾಲಿನಲ್ಲೋ ಇರುವ ಸಾಲು, ಅದರಿಂದ ತೀರ್ಪು ಬದಲಾಗುವ ಬಗೆ, ಇಷ್ಟನ್ನೂ ಬರೆಯಬೇಕು. ಕೇಸ್ ಡೈರಿಯ ಮಾತು ಬೇರೆ; ಅದನ್ನು ಕೇಳುವ ಹಕ್ಕು ಸಾಮಾನ್ಯವಾಗಿ ಆರೋಪಿಗಿಲ್ಲ. ಠಾಣೆಯಿಂದ ‘ಒಳಗಿನ ಫೈಲು’ ತೆಗೆಸಿಕೊಡುತ್ತೇನೆಂದು ದುಡ್ಡು ಕೀಳುವ ದಲ್ಲಾಳಿಗಳನ್ನು ದೂರವಿಡಿ. ಮೂಲ ಹೇಳಲಾಗದ ಜೆರಾಕ್ಸನ್ನು ಕೋರ್ಟು ಮುಟ್ಟುವುದಿಲ್ಲ.

ಕಾಗದ ಸಿಗಲೆಂದು ಅಪೀಲನ್ನೇ ತಡಮಾಡಬೇಡಿ. ಹೈಕೋರ್ಟಿಗೆ 60 ದಿನ, ಸೆಷನ್ಸ್ ಕೋರ್ಟಿಗೆ 30 ದಿನ. ಮರಣದಂಡನೆಯಾದರೆ ಹೈಕೋರ್ಟಿಗೂ 30 ದಿನವೇ. ಮೊದಲು ಅಪೀಲು, ಅದರ ಬೆನ್ನಿಗೆ ಕಾಗದದ ಅರ್ಜಿ. ಜೈಲಿನಲ್ಲಿರುವವರಿಗೆ ವಕೀಲರ ನೆರವು ಉಚಿತ; ಸಹಾಯವಾಣಿ 15100.